ಬೀರಪ್ಪನ ಎಡಹುಬ್ಬು

ಈ ವರ್ಷ ಮಳೆ ಹಿಡಿದ ನಾಲ್ಕನೆಯ ದಿನ ನನ್ನ ಫೋನಿಗೆ ಒಂದು ಫೋಟೋ ಬಂತು. ಕಳಿಸಿದವಳು ಗಡಹಿಂಗ್ಲಜ ತಾಲೂಕಿನಲ್ಲಿ, ಮಹಾಗಾಂವದ ಆಚೆ ಇರುವ ಒಂದು ಸಣ್ಣ ಹಳ್ಳಿಯ ಸರಪಂಚ ರೂಪಾ. ಕಂಚಿನ ಮೂರ್ತಿಯೊಂದರ ಮುಂದೆ ನಿಂತು ಆಕೆ ತೆಗೆದುಕೊಂಡ ಸೆಲ್ಫಿ ಅದು. ಮೂರ್ತಿ ನಾನೇ ಇಪ್ಪತ್ತೆಂಟು ವರ್ಷಗಳ ಹಿಂದೆ ಮಾಡಿದ್ದು. ಅದರ ತಲೆಗೆ ಯಾರೋ ನಿಜವಾದ ಕರಿ ಕಂಬಳಿಯೊಂದನ್ನು ಕೊಪ್ಪೆ ಮಾಡಿ ಹೊದಿಸಿದ್ದರು. ಮಳೆಯಲ್ಲಿ ಕುರಿ ಕಾಯುವವರು ನೆತ್ತಿಯಿಂದ ಬೆನ್ನಿನವರೆಗೆ ಇಳಿಬಿಟ್ಟುಕೊಳ್ಳುತ್ತಾರಲ್ಲ, ಹಾಗೆ. ಆದರೆ ನಾನು ಮೊದಲು ನೋಡಿದ್ದು ಕಂಬಳಿಯನ್ನಲ್ಲ, ಹುಬ್ಬನ್ನು. ಹುಬ್ಬನ್ನು ಸೀಳಿದ ಹಳೆಯ ಗಾಯದ ಗೆರೆ ಬಲಗಡೆ ಇತ್ತು. ಅದು ಇರಬೇಕಾದದ್ದು ಎಡಗಡೆ.

ಇಷ್ಟು ವರ್ಷ ಸರಿಯಾಗಿದೆ ಎಂದು ನಂಬಿಕೊಂಡು ಬಂದದ್ದೇ ತಪ್ಪಾಗಿತ್ತೇ? ಚಹಾದ ಕಪ್ಪು ಕೆಳಗಿಟ್ಟು ಕನ್ನಡಕ ಒರೆಸಿ ಮತ್ತೆ ನೋಡಿದೆ. ಮೂರ್ತಿಯ ಹಿಂದಿದ್ದ ಪಂಚಾಯಿತಿಯ ಫಲಕದ ಅಕ್ಷರಗಳೂ ತಿರುಗುಮುರುಗಾಗಿದ್ದವು. ರೂಪಾಳ ಫೋನು ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿತ್ತು, ಅಷ್ಟೆ. ಒಳಗಿನಿಂದ ನನ್ನ ಹೆಂಡತಿ, "ಯಾಕ್ರಿ, ಏನಾತು?" ಎಂದಳು.

"ಏನಿಲ್ಲ, ಬೀರಪ್ಪ ಚೇಷ್ಟೆ ಮಾಡಿದ" ಎಂದೆ.

ಫೋಟೋದ ಕೆಳಗೆ ರೂಪಾಳ ಧ್ವನಿಸಂದೇಶವಿತ್ತು. "ಕಾಕಾ, ವರ್ಷಾ ಮಳಿಗಾಲದಾಗ ಮೂರ್ತಿಗೆ ಹಿಂಗ ಕಂಬಳಿ ಹೊಚ್ಚತಾರ್ರಿ. ಹಸಿ ಕಂಬಳಿ ಕೆಳಗ ಕಂಚು ಹಸರ ಆಗಾಕತ್ತೈತಿ. ಬ್ಯಾಡ್ರಿ ಅಂತ ನಾ ಎಷ್ಟ ಹೇಳಿದ್ರೂ ಯಾರೂ ಕೇಳವಲ್ರು. ಮೂರ್ತಿ ಮಾಡಿದವ್ರು ನೀವು. ನೀವ ಬಂದು ಒಂದ್ ಮಾತ ಹೇಳಿದ್ರ ನಿಲ್ಲಸ್ತಾರ."

ಹೇಗೂ ಈ ವರ್ಷ ನಾನು ಯಾತ್ರೆಯಲ್ಲಿದ್ದೆ. ಅರವತ್ತೆರಡು ತುಂಬಿತು, ಬಲಗೈ ಹೆಬ್ಬೆರಳು ಮಣ್ಣು ಒತ್ತಲು ಮೊದಲಿನಂತೆ ಒಪ್ಪುತ್ತಿಲ್ಲ. ಹೊಸ ಕೆಲಸ ಹಿಡಿಯುವ ಬದಲು ಹಳೆಯವನ್ನೆಲ್ಲ ಒಂದು ಸುತ್ತು ನೋಡಿಬರೋಣ ಎಂದು ಹೊರಟಿದ್ದೆ. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ನೀರು ಒಳಗಿಳಿದಿದೆ ಎಂದು ಪರೀಕ್ಷಿಸುವ ನೆಪ. ನಿಜ ಹೇಳಬೇಕೆಂದರೆ, ನನ್ನ ಮಕ್ಕಳೆಲ್ಲ ಊರೂರಿನಲ್ಲಿ ಹೇಗಿದ್ದಾರೆ ಎಂದು ನೋಡುವ ಚಪಲ.

ಕೊಲ್ಹಾಪುರದಲ್ಲಿ ಇರುವವರು ಸುಖವಾಗಿದ್ದಾರೆ. ಹಾರ ಬೀಳುತ್ತದೆ, ದೀಪ ಇದೆ, ಕುದುರೆಯ ಮೇಲೆ ಕೂತವನ ಕತ್ತಿಯನ್ನು ಮಾತ್ರ ಯಾರೋ ಮುರಿದು ಒಯ್ದಿದ್ದಾರೆ. ಇಚಲಕರಂಜಿಯ ಚೌಕದಲ್ಲಿರುವ ನಾಯಕರ ಪಾಡು ಹೇಳತೀರದು. ನಾನು ಹದಿನೈದು ದಿನ ಆಮ್ಲ ಹಚ್ಚಿ, ಬೆಂಕಿ ತೋರಿಸಿ, ಕಂಚಿಗೆ ಒಳ್ಳೆಯ ಕಂದು ಬಣ್ಣ ತರಿಸಿದ್ದೆ. ಉತ್ಸವ ಸಮಿತಿಯವರು ಅದರ ಮೇಲೆ ಬಂಗಾರದ ಬಣ್ಣ ಬಳಿದುಬಿಟ್ಟಿದ್ದಾರೆ. ಕನ್ನಡಕಕ್ಕೂ ಬಂಗಾರ, ಹಲ್ಲಿಗೂ ಬಂಗಾರ. ಅವರು ಎತ್ತಿದ ಬೆರಳಿನ ಮೇಲೆ ಪಾರಿವಾಳ ಕೂತಿತ್ತು. ಹೀಗೆ ಆಕಾಶ ತೋರಿಸುವ ಬೆರಳುಗಳನ್ನು ನಾನು ಜೀವಮಾನದಲ್ಲಿ ಎಂಟು ಮಾಡಿದ್ದೇನೆ. ಅಲ್ಲಿ ಏನಿದೆ ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಆ ಚೌಕದಿಂದ ನಾಲ್ಕು ಹೆಜ್ಜೆಯಲ್ಲಿ ನನ್ನಪ್ಪನ ಹಳೆಯ ಶೆಡ್ಡು. ನಮ್ಮಜ್ಜ ಗೋಕಾಕ ಕಡೆಯಿಂದ ಕೂಲಿಗೆ ಬಂದವನು, ಅಪ್ಪ ಅಲ್ಲೇ ಸಣ್ಣದೊಂದು ಎರಕದ ಕುಲುಮೆ ಹಾಕಿ ಮಗ್ಗದ ಬಿಡಿಭಾಗ ಹೊಯ್ಯುತ್ತಿದ್ದ. ನಾನು ಮೂರ್ತಿ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಅಪ್ಪ ಬೇಡ ಅನ್ನಲಿಲ್ಲ. ಒಂದು ಹಲ್ಲುಚಕ್ರವನ್ನು ಕೈಯಲ್ಲಿ ಹಿಡಿದು ಹೇಳಿದ, "ಇದರ ಒಂದ ಹಲ್ಲ ಕೂದಲಷ್ಟ ತಪ್ಪಿದ್ರ ಮಗ್ಗ ನಿಂದರತೈತಿ. ಮಾಲಕ ಬಂದು ಎದಿಮ್ಯಾಲ ಕುಂದರತಾನ. ನಿನ್ನ ಮೂರ್ತಿ ಮೂಗು ತಪ್ಪಿದ್ರ ಏನ್ ನಿಂದರತೈತೋ? ಏನೂ ಇಲ್ಲ. ಅದಕ್ಕ ನೀನ ಹುಷಾರಿರಬೇಕು." ಆಗ ನಕ್ಕಿದ್ದೆ. ಈ ಸಲ ಬಂಗಾರದ ಹಲ್ಲಿನ ನಾಯಕರ ಎದುರು ನಿಂತಾಗ ಅದೇ ಮಾತು ನೆನಪಾಯಿತು. ಅವರ ಮುಖವನ್ನು ನಾನು ಮಾಡಿದ್ದು ಕ್ಯಾಲೆಂಡರಿನ ಚಿತ್ರದಿಂದ. ಆ ಚಿತ್ರ ಬರೆದವನು ನೋಡಿದ್ದು ಇನ್ನೊಂದು ಊರಿನ ಮೂರ್ತಿಯನ್ನು. ಆ ಮೂರ್ತಿ ಮಾಡಿದವನು ಏನು ನೋಡಿದ್ದನೋ ದೇವರೇ ಬಲ್ಲ. ಇಷ್ಟಾದರೂ ಏನೂ ನಿಂತಿಲ್ಲ, ಜಯಂತಿ ಪ್ರತಿ ವರ್ಷ ನಡೆಯುತ್ತದೆ. ಒಂದೇ ಒಂದು ಸಲ, ಒಂದೇ ಒಂದು ಹಳ್ಳಿಯಲ್ಲಿ ನನ್ನ ಕೆಲಸ ನಿಂತಿತ್ತು. ಅಲ್ಲಿಗೆ ಮಾತ್ರ ನಾನು ಇಪ್ಪತ್ತೆಂಟು ವರ್ಷ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆ. ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಹೋಗುವ ನಮ್ಮ ಬಸ್ಸು ನಿಪ್ಪಾಣಿಯ ಹತ್ತಿರ ಕರ್ನಾಟಕ ಹೊಕ್ಕು, ಸಂಕೇಶ್ವರ ದಾಟಿ ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತದೆ. ಒಳಗೆ ಕೂತವರು ಆ ಕಡೆಯೂ ಈ ಕಡೆಯೂ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿಕೊಂಡೇ ಇರುತ್ತಾರೆ. ಸಂಕೇಶ್ವರದಲ್ಲಿ ಒಬ್ಬ ಮುದುಕ ತೊಯ್ದ ಕಂಬಳಿ ಹೆಗಲಿಗೆ ಹಾಕಿಕೊಂಡು ಹತ್ತಿ ನನ್ನ ಪಕ್ಕ ಕೂತ. ಹಸಿ ಉಣ್ಣೆಯ ವಾಸನೆ. ಕುರಿ, ಹೊಗೆ, ಮಳೆ, ಸ್ವಲ್ಪ ಮಜ್ಜಿಗೆ, ಎಲ್ಲ ಸೇರಿದ ವಾಸನೆ. ಮೂಗಿಗೆ ಅದು ಬಡಿದದ್ದೇ ತಡ, ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ಆ ವರ್ಷದ ಮಳೆಗಾಲ ಇಡಿಯಾಗಿ ಬಂದು ನನ್ನ ತೊಡೆಯ ಮೇಲೆ ಕೂತಿತು.

ಆಗ ನನಗೆ ಮೂವತ್ತನಾಲ್ಕು. ಹನ್ನೆರಡು ವರ್ಷ ಕೊಲ್ಹಾಪುರದಲ್ಲಿ ನನ್ನ ಗುರುಗಳ ಕೈಕೆಳಗೆ ದುಡಿದಿದ್ದೆ. ಅವರನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಮಣ್ಣಿನ ಕೆಲಸ ಮುಕ್ಕಾಲು ನನ್ನದಾದರೂ ಪೀಠದ ಮೇಲೆ ಹೆಸರು ದಾದಾರದ್ದು. ಅದರಲ್ಲಿ ತಪ್ಪೇನಿಲ್ಲ, ಆ ಕಾರ್ಖಾನೆಯ ರೀತಿಯೇ ಹಾಗೆ. ಆದರೆ ಮೂವತ್ತು ದಾಟಿದ ಮೇಲೆ ಮನುಷ್ಯನಿಗೆ ತನ್ನ ಹೆಸರು ಕಲ್ಲಿನಲ್ಲಿ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಹುಟ್ಟುತ್ತದೆ. ಅಷ್ಟರಲ್ಲಿ ಈ ಹಳ್ಳಿಯಿಂದ ಪಾಟೀಲ ಮಾಸ್ತರರು ಬಂದರು. ನಿವೃತ್ತ ಶಿಕ್ಷಕರು, ಊರಿನ ಸ್ಮಾರಕ ಸಮಿತಿಯ ಅಧ್ಯಕ್ಷರು. ಅವರ ಊರಿನ ಕುರುಬರ ಹುಡುಗ ಬೀರಪ್ಪ ಚಲೇಜಾವ್ ಚಳವಳಿಯ ಕಾಲದಲ್ಲಿ ಭೂಗತ ಹೋರಾಟಗಾರರ ಪತ್ರಗಳನ್ನು ಕಂಬಳಿಯ ಅಂಚಿನಲ್ಲಿ ಹೊಲಿದುಕೊಂಡು, ಕುರಿ ಹೊಡೆದುಕೊಂಡು, ಕೊಲ್ಹಾಪುರ ಸಂಸ್ಥಾನದ ಗಡಿ ದಾಟಿಸುತ್ತಿದ್ದನಂತೆ. ಕುರಿ ಕಾಯುವವನನ್ನು ಯಾವ ಪೊಲೀಸನೂ ತಡೆಯುತ್ತಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ, ಅದೇ ಮಳೆಗಾಲದಲ್ಲಿ, ಜ್ವರ ಬಂದು ಸತ್ತ. ಐವತ್ತನೆಯ ವರ್ಷದ ಆಗಸ್ಟ್ ಹದಿನೈದಕ್ಕೆ ಅವನ ಆಳೆತ್ತರದ ಮೂರ್ತಿ ನಿಲ್ಲಬೇಕು ಎಂಬುದು ಊರಿನ ಹಟ. ದಾದಾರಿಗೆ ಕೈತುಂಬ ಕೆಲಸ. "ಇವನು ಮಾಡುತ್ತಾನೆ, ಇವನ ಹೆಸರಿನಲ್ಲೇ ಮಾಡಲಿ" ಎಂದು ನನ್ನನ್ನು ಮುಂದೆ ದೂಡಿದರು. ಹೊರಡುವಾಗ ಒಂದೇ ಮಾತು ಹೇಳಿದರು: "ಮೂಳ ಬಘಿತಲ್ಯಾಶಿವಾಯ ಮಾತೀಲಾ ಹಾತ ಲಾವೂ ನಕೋಸ." ಮೂಲ ನೋಡದೆ ಮಣ್ಣು ಮುಟ್ಟಬೇಡ. ನಾನು ತಲೆಯಾಡಿಸಿದೆ. ಹಾರುತ್ತಿರುವವನಿಗೆ ಅಂಥ ಮಾತು ಎಲ್ಲಿ ಕೇಳಿಸುತ್ತದೆ?

ನನ್ನದೇ ಎಂಬ ಕಾರ್ಖಾನೆ ಇರಲಿಲ್ಲವಾದ್ದರಿಂದ ಮಣ್ಣಿನ ಕೆಲಸ ಹಳ್ಳಿಯಲ್ಲೇ ಮಾಡುವುದೆಂದಾಯಿತು. ಮೇ ತಿಂಗಳ ಕೊನೆಗೆ ಹೋಗಿ, ಉಣ್ಣೆ ಸೊಸೈಟಿಯ ಖಾಲಿ ಗೋದಾಮಿನಲ್ಲಿ ಬಿಡಾರ ಹೂಡಿದೆ. ಗೋಡೆಗೆಲ್ಲ ಉಣ್ಣೆಯ ವಾಸನೆ. ಕುಂಬಾರರು ಕೆರೆಯ ಮಣ್ಣು ತಂದು ಹದ ಮಾಡಿಕೊಟ್ಟರು. ಕಬ್ಬಿಣದ ಸರಳಿನಿಂದ ಅಸ್ಥಿಪಂಜರ ಕಟ್ಟಿ ಮಣ್ಣು ಏರಿಸತೊಡಗಿದೆ. ಮೃಗಶಿರ ಮಳೆ, ನಮ್ಮ ಕಡೆ ಮಿರಗ, ಸರಿಯಾದ ದಿನಕ್ಕೆ ಹೊಕ್ಕಿತು. ಮಳೆ ಜೋರಾದಂತೆ ಊರ ಕುರಿಗಳೆಲ್ಲ ಮಳೆ ಕಡಿಮೆ ಇರುವ ಮೂಡಲ ಸೀಮೆಗೆ ಹೊರಟವು, ಜೊತೆಗೆ ಗಟ್ಟಿಮುಟ್ಟಾದ ಗಂಡಸರೂ. ಊರಲ್ಲಿ ಉಳಿದವರು ಹೊಲದವರು, ಹೆಂಗಸರು, ಮುದುಕರು, ಮಾಸ್ತರರು ಮತ್ತು ನಾನು.

ಬೀರಪ್ಪನದು ಜಗತ್ತಿನಲ್ಲಿ ಒಂದೇ ಫೋಟೋ ಇತ್ತು. ಉಣ್ಣೆ ಮಾರಲು ಗಡಹಿಂಗ್ಲಜದ ಸಂತೆಗೆ ಹೋದಾಗ ಯಾರೋ ತೆಗೆದದ್ದು, ಬೆರಳೆರಡರ ಅಗಲದ್ದು. ಅದು ಅವನ ತಂಗಿ ಬಾಳವ್ವನ ಹತ್ತಿರವಿತ್ತು. ಮಾಸ್ತರರು ಅದನ್ನು ಬೇಡಿ ತಂದು, ಯಾವುದೋ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಮೂಲವನ್ನು ಬಾಳವ್ವನಿಗೆ ಹಿಂದಿರುಗಿಸಿ, ದೊಡ್ಡದನ್ನು ನನಗೆ ಕೊಟ್ಟಿದ್ದರು. ಮೈತುಂಬ ಕಂಬಳಿ ಸುತ್ತಿಕೊಂಡು ಕೂತ ಹುಡುಗ. ತುಸು ಸೊಟ್ಟ ಮೂಗು, ನಗಲೋ ಬೇಡವೋ ಎನ್ನುವ ತುಟಿ, ಬಲಹುಬ್ಬನ್ನು ಸೀಳಿದ ಗಾಯ. ಮೂರು ವಾರ ಆ ಮುಖದೊಡನೆ ಬದುಕಿದೆ. ನಿಲುವು, ಕೋಲು ಹಿಡಿದ ಬಲಗೈ, ಎಡಹೆಗಲ ಮೇಲೆ ಮಡಚಿಟ್ಟ ಕಂಬಳಿ, ಇವನ್ನೆಲ್ಲ ಊರಿನ ಮುದುಕರನ್ನು ನಿಲ್ಲಿಸಿ, ನಡೆಸಿ ನೋಡಿಕೊಂಡೆ. ಸಮಿತಿ ಬಂತು, ಸುತ್ತ ತಿರುಗಿ ನೋಡಿತು, ಒಪ್ಪಿತು. ಮಾಸ್ತರರ ಕಣ್ಣಲ್ಲಿ ನೀರು. "ಭಾಳ ಝಕಾಸ್ ಆಗೇತ್ರಿ. ಎದ್ದು ಬಂದಾನ" ಎಂದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಪೀಠದ ಮೇಲೆ ಹೆಸರನ್ನು ಯಾವ ಅಳತೆಯಲ್ಲಿ ಕೊರೆಸಬೇಕೆಂದು ಕಾಗದದ ಮೇಲೆ ಬರೆದೂ ನೋಡಿದೆ. ಪ್ಲಾಸ್ಟರ್ ಅಚ್ಚು ತೆಗೆಯುವವರು ಐದು ದಿನದಲ್ಲಿ ಕೊಲ್ಹಾಪುರದಿಂದ ಬರಬೇಕು. ಅಚ್ಚು ಕುಲುಮೆಗೆ ಹೋದರೆ ಅದರಲ್ಲಿ ಮೇಣದ ಮೂರ್ತಿ, ಮೇಣದ್ದು ಆದರೆ ಕಂಚಿನದು. ಒಂದು ದಿನ ತಡವಾದರೂ ಆಗಸ್ಟ್ ಹದಿನೈದು ತಪ್ಪುತ್ತಿತ್ತು.

ಮಾರನೆಯ ದಿನ ಬಾಳವ್ವ ಬಂದಳು. ಅರವತ್ತೇಳರ ಹೆಂಗಸು, ಬಡಕಲು ಮೈ, ಗಟ್ಟಿ ಕಾಲು. ಅಲ್ಲಿಯವರೆಗೆ ಆಕೆ ಗೋದಾಮಿನ ಕಡೆ ತಲೆ ಹಾಕಿರಲಿಲ್ಲ. ನಾನು ತೊಯ್ದ ಗೋಣಿಬಟ್ಟೆ ಸರಿಸಿ ಮುಖ ತೋರಿಸಿದೆ. ಹೊಗಳಿಕೆ ಕೇಳಲು ಸಿದ್ಧನಾಗಿ ನಿಂತೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಆಕೆ ಮುಂದೆ ನಿಂತಳು, ಪಕ್ಕಕ್ಕೆ ಹೋದಳು, ಮತ್ತೆ ಮುಂದೆ ಬಂದಳು. ಕೈ ಎತ್ತಿ ಹುಬ್ಬಿನ ಹತ್ತಿರ ಒಯ್ದು, ಮುಟ್ಟದೆ ಹಿಂದೆಗೆದಳು.

"ಇಂವ ನಮ್ಮಣ್ಣ ಹೌದು ತಮ್ಮಾ. ಆದ್ರ ಬಾವ್ಯಾಗ ಬಗ್ಗಿ ನೋಡಿದಂಗ ಆಗತೈತಿ. ನೀರಾಗಿನ ಅಣ್ಣ ಇಂವ" ಎಂದಳು.

"ಮಣ್ಣು ಇನ್ನೂ ಹಸಿ ಐತಿ ಬಾಳವ್ವಾ, ಅದಕ್ಕ ಹಂಗ ಕಾಣತೈತಿ. ಕಂಚು ಆದ ಮ್ಯಾಲ ನೋಡ್ರಿ" ಎಂದೆ.

ಆಕೆ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಬೈಗುಳವಿಲ್ಲ, ಸಿಟ್ಟಿಲ್ಲ, ಸಣ್ಣವರ ಸುಳ್ಳನ್ನು ಕೇಳಿಸಿಕೊಂಡವರ ಮುಖ. ಮಳೆಯಲ್ಲೇ ಹೊರಟುಹೋದಳು. ನನಗೂ ರೇಗಿತು. ಐವತ್ತೈದು ವರ್ಷದ ಹಿಂದಿನ ಮುಖ ಈಕೆಗೇನು ನೆನಪಿರುತ್ತದೆ ಎಂದುಕೊಂಡೆ. ಆದರೆ ಆ ದಿನವೆಲ್ಲ ಕೆಲಸ ಸಾಗಲಿಲ್ಲ. ಮಣ್ಣಿನ ಮುಖ ನೋಡಿದಾಗಲೆಲ್ಲ ಬಾವಿಯೇ ಕಾಣತೊಡಗಿತು.

ಮರುದಿನ ಹೊತ್ತು ಏರುವ ಮುಂಚೆ ಆಕೆ ಮತ್ತೆ ಬಂದಳು. ಈ ಸಲ ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಉಣ್ಣೆಬಟ್ಟೆ, ಅದರೊಳಗೆ ಆ ಬೆರಳೆರಡರಗಲದ ಫೋಟೋ. "ನೋಡು" ಎಂದು ಕೊಟ್ಟಳು. ಕಿಟಕಿಯ ಬೆಳಕಿಗೆ ಹಿಡಿದು, ಸ್ಟುಡಿಯೋದ ದೊಡ್ಡ ಫೋಟೋದ ಪಕ್ಕ ಇಟ್ಟೆ. ಸಣ್ಣದರಲ್ಲಿ ಗಾಯ ಎಡಹುಬ್ಬಿನ ಮೇಲಿತ್ತು. ಮೂಗು ಆ ಕಡೆಗಲ್ಲ, ಈ ಕಡೆಗೆ ಸೊಟ್ಟಗಿತ್ತು. ನಗು ತುಟಿಯ ಇನ್ನೊಂದು ತುದಿಯಿಂದ ಹೊರಟಿತ್ತು. ಮೂಲದ ಫೋಟೋ ತೆಗೆದು ದೊಡ್ಡದು ಮಾಡುವಾಗ ಸ್ಟುಡಿಯೋದವರು ಆ ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದ್ದರು. ನಾನು ಮೂರು ವಾರ ಕನ್ನಡಿಯೊಳಗಿನ ಬೀರಪ್ಪನನ್ನು ಮಾಡಿದ್ದೆ. ಬಾಳವ್ವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ದಾದಾರ ಮಾತು ಆಗ ಕೇಳಿಸಿತು, ಬೇಕಾದಷ್ಟು ತಡವಾಗಿ.

"ಎಡಗಡೆ ಅಂತ ನಿನ್ನೆನ ಹೇಳಬಾರದಿತ್ತೇನ್ರಿ?" ಎಂದು ಕೇಳಿದೆ. ನನ್ನ ಧ್ವನಿ ಅಳುವವನ ಧ್ವನಿಯಂತಿತ್ತು.

"ನನಗೂ ಹೊಳೀಲಿಲ್ಲೋ ತಮ್ಮಾ. ಮನಿಗಿ ಹೋಗಿ ಹಿಟ್ಟ ನಾದಾಕತ್ತಾಗ ಹೊಳೀತು. ಆ ಗಾಯ ಮಾಡಿದಾಕಿ ನಾನ. ಸಣ್ಣಾಕಿದ್ದೆ, ಹಕ್ಕಿಗೆ ಅಂತ ಕವಣಿ ಬೀಸಿದೆ, ಕಲ್ಲ ಹೋಗಿ ಅಣ್ಣಗ ಬಡೀತು. ಅವ್ವ ಕೇಳಿದ್ರ ಜಾಲಿ ಮುಳ್ಳ ಗೀರೇತಿ ಅಂತ ಹೇಳಿದ ಅಂವ" ಎಂದಳು.

ಮಾಸ್ತರರನ್ನು ಕರೆಸಿದೆ. ಎರಡೂ ಫೋಟೋ ಪಕ್ಕಪಕ್ಕ ಹಿಡಿದು ನೋಡಿದರು. ಸ್ವಲ್ಪ ಹೊತ್ತು ಕೊಡೆ ಮಡಚುತ್ತ ಬಿಚ್ಚುತ್ತ ಇದ್ದರು. ಆಮೇಲೆ ನನ್ನನ್ನು ಬಾಗಿಲ ಹೊರಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು, "ನೋಡ್ರಿ, ಇನ್ನ ಮೂರ ದಿನದಾಗ ಅಚ್ಚಿನವ್ರು ಬರತಾರ. ಅಂವನ ಮಾರಿ ನೆನಪಿರೋದು ಈ ಊರಾಗ ಈಕಿ ಒಬ್ಬಾಕಿಗೆ. ನಾಳೆ ಈಕಿನೂ ಇರಾಂಗಿಲ್ಲ. ಎಡಾ ಏನು, ಬಲಾ ಏನು, ಯಾರಿಗಿ ತಿಳೀತೈತಿ? ದೇಶಕ್ಕ ಸತ್ತವ ಅಂತ ಜನ ಕೈ ಮುಗೀತಾರ, ಹುಬ್ಬು ನೋಡಾಕ ಬರತಾರೇನು?"

ಅವರು ಕೆಟ್ಟವರಲ್ಲ. ಆ ಮೂರ್ತಿಗಾಗಿ ಎರಡು ವರ್ಷ ಊರೂರು ಅಲೆದವರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಕಷ್ಟವಾಯಿತು. ಕೆಲಸ ಹಾಗೇ ಬಿಟ್ಟರೆ ನನ್ನ ಹೆಸರು ಪೀಠದ ಮೇಲೆ ಬರುತ್ತದೆ, ಸಮಾರಂಭ ಆಗುತ್ತದೆ, ಮುಂದಿನ ಕೆಲಸವೂ ಸಿಗುತ್ತದೆ. ಮುಟ್ಟಿದರೆ ಮೂರು ದಿನದಲ್ಲಿ ಮುಖ ಮುಗಿಯುತ್ತದೆಂಬ ಖಾತ್ರಿಯಿಲ್ಲ, ಕೆಟ್ಟರೆ ಎರಡೂ ಹೋಯಿತು. ಒಳಗೆ ತಿರುಗಿ ನೋಡಿದೆ. ಬಾಳವ್ವ ಮಣ್ಣಿನ ಅಣ್ಣನ ಎದುರು ನೆಲದ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು. ನೋಡುವವಳು ಒಬ್ಬಳೇ ಉಳಿದಿದ್ದಾಳೆ ಎಂದು ಮಾಸ್ತರರು ಹೇಳಿದ್ದರಲ್ಲ, ನನಗೆ ಅದೇ ಮಾತು ಉಲ್ಟಾ ಬಡಿಯಿತು. ಮಗ್ಗ ನಿಂತಿದೆ, ಮಾಲೀಕಳು ಬಂದು ಎದುರಿಗೇ ಕೂತಿದ್ದಾಳೆ, ಅಪ್ಪ ಹೇಳಿದ್ದು ಇದನ್ನೇ ಅನ್ನಿಸಿತು.

ಮಣ್ಣು ಕೊಯ್ಯುವ ತಂತಿ ತೆಗೆದುಕೊಂಡು ಹಣೆಯಿಂದ ಗದ್ದದವರೆಗೆ ಮುಖವನ್ನು ಇಳಿಸಿಬಿಟ್ಟೆ. ಮಾಸ್ತರರು "ಅಯ್ಯಯ್ಯೋ" ಎಂದು ಒಮ್ಮೆ ಕೂಗಿ, ಕೊಡೆ ಅಲ್ಲೇ ಬಿಟ್ಟು ಮಳೆಯಲ್ಲೇ ನಡೆದುಹೋದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಇಳಿಸಿದ ಮಣ್ಣನ್ನು ಎಸೆಯುವ ರೂಢಿ ನಮ್ಮಲ್ಲಿಲ್ಲ. ಅದನ್ನೇ ನಾದಿ, ನೀರು ಚಿಮುಕಿಸಿ, ಮತ್ತೆ ಏರಿಸುತ್ತೇವೆ. ತಪ್ಪು ಮುಖದ ಮಣ್ಣಿನಿಂದಲೇ ಸರಿ ಮುಖ ಕಟ್ಟತೊಡಗಿದೆ. ಬಾಳವ್ವ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ತಂದು ನನಗೆ ಕೊಟ್ಟು, ಸಂಜೆಯವರೆಗೆ ಅಲ್ಲೇ ಉಣ್ಣೆ ಹಿಂಜುತ್ತ ಕೂರುತ್ತಿದ್ದಳು. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ. "ಮೂಗು?" "ಇನ್ನ ಜರಾ." "ತುಟಿ?" "ಅಂವ ಹಲ್ಲ ತೋರಿಸಿ ನಗತಿರಲಿಲ್ಲ." ಎರಡನೆಯ ದಿನ ಮಧ್ಯಾಹ್ನ, ಹೊರಗೆ ಮಳೆ ಹಂಚು ಒಡೆಯುವಂತೆ ಸುರಿಯುತ್ತಿದ್ದಾಗ, ಕೇಳದೆಯೇ ಮಾತು ತೆಗೆದಳು.

"ಜನಾ ಅಂತಾರ, ಜ್ವರ ಬಂದು ಸತ್ತಾ ಅಂತ. ಜ್ವರ ಹ್ಯಾಂಗ ಬಂತು ಯಾರೂ ಕೇಳಾಂಗಿಲ್ಲ. ಗುಡ್ಡದ ಮ್ಯಾಲಿದ್ದ ಅಂವ. ಪೊಲೀಸರಿಂದ ತಪ್ಪಿಸ್ಕೊಂಡ ಹೊಂಟಿದ್ದ ಯಾರಿಗೋ ತನ್ನ ಕಂಬಳಿ ಕೊಟ್ಟುಬಿಟ್ಟಿದ್ದ. ಕುರುಬರಂಗ ಕಾಣಬೇಕಲ್ಲಾ ಅವರು. ಮೂರ ದಿನ ಮಳಿ ಹೊಡೀತು. ಅವ್ವ ನನ್ನ ಕೈಯಾಗ ಇನ್ನೊಂದು ಕಂಬಳಿ ಕೊಟ್ಟು, ಅಣ್ಣಗ ಮುಟ್ಟಿಸಿ ಬಾ ಅಂತ ಕಳಿಸಿದ್ಲು. ಹಳ್ಳದ ತನಕ ಹೋದೆ. ಹಳ್ಳ ತುಂಬಿ ಕೆಂಪಗ ಹರೀತಿತ್ತು. ಹನ್ನೆರಡ ವರ್ಷದಾಕಿ ನಾನು. ಅಂಜಿ, ಕಂಬಳಿ ತಗೊಂಡ ಹೊಳ್ಳಿ ಬಂದೆ."

ನನ್ನ ಕೈ ಮಣ್ಣಿನಲ್ಲೇ ನಿಂತಿತು. "ನೀವು ಸಣ್ಣವರಿದ್ರಿ ಬಾಳವ್ವಾ" ಎಂದೆ.

"ಹೌದು. ಸಣ್ಣಾಕಿದ್ದೆ" ಎಂದು ಉಣ್ಣೆಯ ಕಡೆ ತಿರುಗಿದಳು.

ಮೂರನೆಯ ದಿನ ಹೊತ್ತು ಇಳಿಯುವ ಮುಂಚೆ ಮುಖ ಮುಗಿಯಿತು. ಕೊನೆಗೆ ಎಡಹುಬ್ಬಿನ ಮೇಲೆ ಗಾಯದ ಗೆರೆ ಎಳೆಯಬೇಕಿತ್ತು. ಕೈಯಲ್ಲಿದ್ದ ಬಿದಿರ ಕಡ್ಡಿಯನ್ನು ಬಾಳವ್ವನಿಗೆ ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ, ಅದು ಆಕೆಯದೇ ಗಾಯ ಅನ್ನಿಸಿತು. ಆಕೆ ಎದ್ದು ಒಂದೇ ಎಳೆತಕ್ಕೆ ಗೀರಿದಳು. ನಾನು ಎಳೆದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಹಿಂದೆ ಸರಿದು ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಕಾದೆ. ಈಗ ನೀರೊಳಗಿಲ್ಲ ಎಂದಾಳು, ಇಲ್ಲವೇ ಇನ್ನೂ ಅಲ್ಲೇ ಇದ್ದಾನೆ ಎಂದಾಳು. ಆಕೆ ಒಂದೂ ಮಾತಾಡದೆ ಉಣ್ಣೆಯ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಮಾಸ್ತರರು ಮರುದಿನ ಚಹಾದ ಕಿಟಲಿ ಹಿಡಿದು ಬಂದರು. ಹೊಸ ಮುಖದ ಎದುರು ನಿಂತು, "ಇಂವ ಬ್ಯಾರೇನ ಇದಾನಲ್ರಿ" ಎಂದು, ಕೊಡೆ ತೆಗೆದುಕೊಂಡು, ನನ್ನ ಬೆನ್ನ ಮೇಲೊಂದು ಗುದ್ದು ಹಾಕಿದರು. ಅಚ್ಚಿನವರು ಬಂದರು. ಜುಲೈಯೆಲ್ಲ ಕೊಲ್ಹಾಪುರದ ಕುಲುಮೆಯಲ್ಲಿ ಕಳೆಯಿತು. ಆಗಸ್ಟ್ ಹದಿನೈದಕ್ಕೆ ಮಳೆಯಲ್ಲೇ ಪರದೆ ಸರಿಯಿತು. ಬ್ಯಾಂಡು ಬಾರಿಸಿತು, ಭಾಷಣಗಳಾದವು, ಪೀಠದ ಮೇಲೆ ನನ್ನ ಹೆಸರಿತ್ತು. ಆದರೆ ನಾನು ಜನರ ನಡುವೆ ಹುಡುಕಿದ್ದು ಒಂದೇ ಮುಖವನ್ನು. ಮೊದಲ ಸಾಲಿನಲ್ಲಿ ಅವಳಿಗೆಂದು ಇಟ್ಟ ಕುರ್ಚಿ ಕೊನೆಯವರೆಗೂ ಖಾಲಿ ಇತ್ತು. ಅಣ್ಣನ ಮೂರ್ತಿ ತೆರೆಯುವ ದಿನ ತಂಗಿ ಬರಲಿಲ್ಲ. ಹಾರ ಹಾಕಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಕೊಲ್ಹಾಪುರಕ್ಕೆ ಹೊರಟೆ. ಮುಖ ತಪ್ಪಾಗಿಯೇ ಉಳಿದಿರಬೇಕು, ಅದಕ್ಕೇ ಬರಲಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಆಮೇಲೆ ಎಷ್ಟು ಕೆಲಸ ಮಾಡಿದೆ! ಈ ನಾಡಿನ ಚರಿತ್ರೆಯಲ್ಲಿ ನನ್ನ ಕೈಯಿಂದ ತಟ್ಟಿಸಿಕೊಳ್ಳದವರು ಕಡಿಮೆ. ಪ್ರತಿ ಸಲ ಸಮಿತಿಯವರನ್ನು ಕೇಳುತ್ತಿದ್ದೆ, ಇವರನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಕ್ಯಾಲೆಂಡರ್ ಕೊಡುತ್ತಿದ್ದರು. ಇಷ್ಟು ದೊಡ್ಡ ದೇಶದ ಇಷ್ಟೊಂದು ದೊಡ್ಡವರನ್ನು ನಾವು ಒಬ್ಬರಿಂದೊಬ್ಬರು ನಕಲು ಮಾಡಿ ನಿಲ್ಲಿಸಿದ್ದೇವೆ. ಎಷ್ಟು ಮಂದಿ ನೀರೊಳಗೇ ಇದ್ದಾರೋ, ಹೇಳುವ ತಂಗಿ ಇಲ್ಲ. ಹಾಗೆಂದು ನನಗೆ ದುಃಖವೇನಿಲ್ಲ. ಜನ ಕೈ ಮುಗಿಯುತ್ತಾರೆ, ಅದು ಸುಳ್ಳಲ್ಲ. ಬೀರಪ್ಪನ ವಿಷಯದಲ್ಲಿ ಮಾತ್ರ ಕೇಳಲು ಒಬ್ಬಳಿದ್ದಳು, ಮತ್ತು ನಾನು ಹೆದರಿ ಕೇಳಲು ಹೋಗಲಿಲ್ಲ. ಬಾಳವ್ವ ಐದು ವರ್ಷದ ಹಿಂದೆ ತೀರಿಕೊಂಡಳು ಎಂದು ಯಾರೋ ಹೇಳಿದಾಗ, ಇನ್ನು ಆ ಪ್ರಶ್ನೆ ನನ್ನೊಡನೆಯೇ ಹೋಗುತ್ತದೆ ಎಂದುಕೊಂಡಿದ್ದೆ.

ಬಸ್ಸಿಳಿದಾಗ ರೂಪಾ ಕೊಡೆ ಹಿಡಿದು ನಿಂತಿದ್ದಳು. ಊರು ಬದಲಾಗಿದೆ, ಉಣ್ಣೆಯ ಗೋದಾಮು ಈಗ ದವಾಖಾನೆ. ಪಂಚಾಯಿತಿಯ ಮುಂದೆ ಬೀರಪ್ಪ ನಿಂತಿದ್ದ. ಕಂಚಿನ ಕಂಬಳಿ ಎಡಹೆಗಲ ಮೇಲೆ, ನಿಜವಾದ ಕಂಬಳಿ ತಲೆಯ ಮೇಲೆ. ಗಾಯ ಇರಬೇಕಾದ ಕಡೆಯೇ ಇತ್ತು. ಕಂಬಳಿ ತಾಗಿದಲ್ಲೆಲ್ಲ ಹೆಗಲಿನಿಂದ ಹಸಿರು ಗೆರೆಗಳು ಇಳಿದಿದ್ದವು, ರೂಪಾ ಹೇಳಿದ್ದು ಸುಳ್ಳಲ್ಲ. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಮಾಡಿದವನು ಬಂದಿದ್ದಾನೆ, ಏನು ಹೇಳುತ್ತಾನೋ ಎಂದು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇದನ್ನ ಯಾರು ಶುರು ಮಾಡಿದ್ರು?" ಎಂದೆ.

ಗುಂಪಿನಿಂದ ಐವತ್ತು ದಾಟಿದ ಹೆಂಗಸೊಬ್ಬಳು ಮುಂದೆ ಬಂದಳು. ಬಾಳವ್ವನ ಸೊಸೆ ಮಂಗಲಾ. "ನಮ್ಮತ್ತಿರಿ. ಈಗ ನಾನ ಹೊಚ್ಚತೇನಿ. ಸಾಯೂ ಮುಂದ ಕೈ ಹಿಡದ ಹೇಳ್ಯಾರ, ಮಳಿ ಹತ್ತಿದ ಕೂಡಲೇ ಅಣ್ಣಗ ಕಂಬಳಿ ಹೊಚ್ಚು, ಮರೀಬ್ಯಾಡ ಅಂತ. ನೀವು ಬ್ಯಾಡ ಅಂದ್ರ ಬಿಡತೇನ್ರಿ. ಆದ್ರ ನಿಮಗ ಗೊತ್ತಿರಲಿ."

"ಯಾವಾಗಿಂದ ಹೊಚ್ಚತಿದ್ರು?"

"ಮೂರ್ತಿ ಕುಂದರಿಸಿದ ದಿನದಿಂದನ ರೀ."

"ಆವತ್ತು ಅವರು ಬಂದಿರಲಿಲ್ಲಲ್ಲ" ಎಂದೆ.

"ಹ್ಯಾಂಗ ಬರತಾರ್ರಿ? ಕಂಬಳಿ ತರಾಕ ಹೋಗಿದ್ರು. ನೀವು ಮಣ್ಣಾಗ ಮಾರಿ ಮಾಡಿ ಮುಗಿಸಿದ ದಿನ ಮನಿಗಿ ಬಂದವ್ರ, ಅಣ್ಣ ಬಂದಾನ, ಕಂಬಳಿ ಇಲ್ಲ ಅಂವನ ಮೈಮ್ಯಾಲ ಅಂತ ಹೇಳಿ, ಹಳ್ಳದ ಆಚಿ ನೇಯೋವ್ರಿಗೆ ಉಣ್ಣಿ ಕೊಟ್ಟು ಬಂದ್ರು. ನಾ ಅಂದೆ, ಅತ್ತಿ, ಮೂರ್ತಿ ಹೆಗಲ ಮ್ಯಾಲ ಕಂಬಳಿ ಐತೆಲ್ಲಾ ಅಂತ. ಕಂಚಿನ ಕಂಬಳಿ ಮಳಿಗಿ ಆಗತೈತೇನ ಹುಚ್ಚಿ ಅಂತ ನನಗ ಬೈದ್ರು. ಮೂರ್ತಿ ತೆರಿಯೂ ದಿನಾನ ಕಂಬಳಿ ತಯಾರಾತು. ಹಳ್ಳ ತುಂಬಿತ್ತು, ನಾಳೆ ಹೋಗೂನು ಅಂದ್ರ ಕೇಳಲಿಲ್ಲ. ನಾನೂ ನಮ್ಮ ಮನ್ಯಾಗಿನವ್ರೂ ಎರಡೂ ಕಡೆ ರಟ್ಟಿ ಹಿಡದೇವಿ, ಟೊಂಕದ ಮಟಾ ನೀರಾಗ ದಾಟಿದ್ರು. ಕಂಬಳಿ ತಲಿಮ್ಯಾಲ ಎತ್ತಿ ಹಿಡಕೊಂಡು. ಬರೂದ್ರಾಗ ಸಂಜಿ ಆಗಿತ್ತು, ನೀವೆಲ್ಲಾ ಹೋಗಿಬಿಟ್ಟಿದ್ರಿ."

ನಾನು ಬೀರಪ್ಪನ ಕಡೆ ತಿರುಗಿ ನಿಂತೆ. ಮಳೆ ಇದ್ದದ್ದು ಒಳ್ಳೆಯದಾಯಿತು, ಮುಖ ಒರೆಸಿಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಇಪ್ಪತ್ತೆಂಟು ವರ್ಷ ನಾನು ಖಾಲಿ ಕುರ್ಚಿಯನ್ನು ತಪ್ಪಾಗಿ ಓದಿದ್ದೆ.

ರೂಪಾ ಮೆಲ್ಲಗೆ, "ಕಾಕಾ, ಏನ್ ಹೇಳೂಣ್ರಿ?" ಎಂದಳು.

"ಕಂಚು ಹಸರಾಗತೈತಿ, ಖರೆ" ಎಂದೆ. "ಆದ್ರ ಆಗಲಿ. ಮಳಿ ನಿಂತ ಮ್ಯಾಲ ವರ್ಷಾ ನಾನ ಬಂದು ತೊಳದು ಮೇಣ ಹಚ್ಚಿ ಹೋಗತೇನಿ. ನನ್ನ ಕೈ ಇರೂತನಕ ಅದು ನನ್ನ ಕೆಲಸ. ಕಂಬಳಿ ಬಿಡಬ್ಯಾಡ್ರಿ."

ಮಂಗಲಾ ನಕ್ಕಳು. ಯಾರೋ ಪಂಚಾಯಿತಿಯಿಂದ ಏಣಿ ತಂದು ಆನಿಸಿದರು. ಹಸಿರು ಎಷ್ಟು ಆಳಕ್ಕಿಳಿದಿದೆ ನೋಡೋಣ ಎಂದು ಹತ್ತಿದೆ. ಅವನು ಪೀಠ ಏರಿದ ಮೇಲೆ ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ. ಹಸಿ ಉಣ್ಣೆಯ ವಾಸನೆ. ಕಂಬಳಿ ಒಂದು ಕಡೆ ಹಿಂದೆ ಜಾರಿತ್ತು, ಎಡಹುಬ್ಬಿನ ಗಾಯದ ಮೇಲೆ ಮಳೆಹನಿ ಬೀಳುತ್ತಿತ್ತು. ಅಂಚು ಹಿಡಿದು ನಾಲ್ಕು ಬೆರಳು ಮುಂದಕ್ಕೆ ಎಳೆದು ಹೊದಿಸಿದೆ.